ಹಾರವಾಡದ ಡೈನೋಸಾರ್ ಮರಿ

ಹೋದ ತಿಂಗಳು ನಾನೊಂದು ಡೈನೋಸಾರ್ ಪತ್ತೆ ಹಚ್ಚಿದೆ. ನೀವು ಪೇಪರಿನಲ್ಲಿ ಓದಿರಲಿಕ್ಕಿಲ್ಲ. ಯಾಕೆ ಅಂತ ಹೇಳುತ್ತೇನೆ.

ಹಾರವಾಡದ ಕಡಲತಡಿಯಲ್ಲಿ ವಾಕಿಂಗ್ ಹೋಗಿದ್ದೆ (ಡಾಕ್ಟರ ಅಪ್ಪಣೆ). ಮರಳಿನಲ್ಲಿ ಅರ್ಧ ಹುಗಿದ ಬೂದು ಬಣ್ಣದ ಚಪ್ಪಟೆ ಕಲ್ಲು ಕಂಡಿತು. ಅದರ ಮೇಲೆ ಮೂರು ಬೆರಳಿನ ಹೆಜ್ಜೆ! ಕೋಟಿಗಟ್ಟಲೆ ವರ್ಷದ ಪಳೆಯುಳಿಕೆ, ಅದೂ ನಮ್ಮ ಅಂಕೋಲಾ ತಾಲೂಕಿನಲ್ಲಿ?

ಮರುದಿನವೇ ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಾರವಾರದ ಬಸ್ ಹತ್ತಿದೆ. ಅಲ್ಲಿ ಕಾಲೇಜಿನಲ್ಲಿ ಭೂಗೋಳ ಕಲಿಸುವ ಗೆಳೆಯನಿದ್ದಾನೆ. ಭೂತಗನ್ನಡಿ ಹಿಡಿದು ನೋಡಿದ. ಸ್ಕೇಲ್ ಇಟ್ಟು ಅಳೆದ. "ದೊಡ್ಡದಲ್ಲ. ಮರಿ ಇರಬೇಕು" ಅಂದ. ಅಂಚಿನಲ್ಲಿದ್ದ ಕೆಂಪು ಕಲೆಯನ್ನು ಕಬ್ಬಿಣದ ಅಂಶ ಅಂದ. ಹೆಜ್ಜೆಯ ಹಿಂದೆ ನಾಲ್ಕನೇ ಬೆರಳಿನಂಥ ಗುರುತೂ ಇತ್ತು. ಅದು ಲೆಕ್ಕಕ್ಕಿಲ್ಲ ಎಂದು ಇಬ್ಬರೂ ಒಪ್ಪಿಕೊಂಡೆವು.

ಮನೆಗೆ ತಂದು ಜಗಲಿಯ ಮೇಲಿಟ್ಟೆ. "ಇದರ ಧೂಳು ಒರೆಸೋದು ನೀವೇ" ಅಂದಳು ಹೆಂಡತಿ.

ಶುಕ್ರವಾರ ಮೀನು ಮಾರುವ ದೇವಕ್ಕ ಬಂದಳು. ಹಾರವಾಡದವಳು. ಬುಟ್ಟಿ ಇಳಿಸಿದವಳು ಕಲ್ಲು ನೋಡಿ ಅಲ್ಲೇ ಕೂತುಬಿಟ್ಟಳು.

"ಮಾಸ್ತರ್ರೇ, ಇದು ನಮ್ಮನೆ ಅಂಗಳ ಅಲ್ವಾ?"

"ಇದು ಡೈನೋಸಾರ್, ದೇವಕ್ಕ."

"ಎಂತ ಡೈನೋಸಾರ್ ಮಾರಾಯ್ರೇ! ನಮ್ಮ ಕೋಳಿ. ತುಳಸಿ ಮದುವೆಗೆ ಅಂತ ಕಟ್ಟೆ ಸುತ್ತ ಸಿಮೆಂಟ್ ಹಾಕ್ಸಿದ್ದೆ. ಒಣಗೂಕೆ ಮುಂಚೆನೇ ಬುಟ್ಟಿ ಅಡಿಂದ ತಪ್ಸ್ಕಂಡ್ ಬಂದು ತುಳೀತು. ಅಂಚಿಗೆ ಕೆಂಪು ಬಣ್ಣ ನೋಡಿ, ಇನ್ನೂ ಅದೆ. ನಾನೇ ಬಳ್ದದ್ದು."

ಅಲ್ಲಿಗೆ ಕೋಟಿ ವರ್ಷ ಮುಗಿಯಿತು.

ಮೂರು ಮಳೆಗಾಲದ ಹಿಂದೆ ಕಡಲು ಅವಳ ಅಂಗಳ, ತುಳಸಿಕಟ್ಟೆ, ಮುಂದಿನ ಕೋಣೆ ಎಲ್ಲವನ್ನೂ ನುಂಗಿತ್ತಂತೆ. ಅಂದಿನಿಂದ ಬದಲಿ ಜಾಗಕ್ಕಾಗಿ ಅರ್ಜಿ ಹಿಡಿದು ಅಲೆಯುತ್ತಿದ್ದಾಳೆ. ಅಲ್ಲಿ ಮನೆ ಇತ್ತು ಅನ್ನುವುದಕ್ಕೆ ಪುರಾವೆ ಬೇಕು. ಕಾಗದಪತ್ರಗಳೆಲ್ಲ ಇದ್ದದ್ದು ಮುಂದಿನ ಕೋಣೆಯ ಪೆಟ್ಟಿಗೆಯಲ್ಲಿ. ಇಷ್ಟು ವರ್ಷ ನಾನು ಅವಳನ್ನು ಮೀನು ತಾಜಾ ಇದೆಯಾ ಅಂತ ಕೇಳಿದ್ದೇನೆಯೇ ಹೊರತು, ಮನೆ ಇದೆಯಾ ಅಂತ ಕೇಳಿದವನಲ್ಲ. ನಾಚಿಕೆಯಾಯಿತು.

"ಇದ್ನ ನಾ ತಕಂಡ್ ಹೋಗ್ಲಾ? ಆಫೀಸ್ನಲ್ಲಿ ತೋರ್ಸ್ತೆ" ಅಂದಳು.

ಕೊಡಲು ಮನಸ್ಸಿರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ (ಮರಿಗೆ ಹೆಸರೂ ಇಟ್ಟಾಗಿತ್ತು). ಆದರೂ ಕೊಟ್ಟೆ. ಸೋಮವಾರ ಅವಳ ಜೊತೆ ತಾಲೂಕು ಆಫೀಸಿಗೆ ನಾನೂ ಹೋದೆ.

ಗುಮಾಸ್ತರು ಒಳ್ಳೆಯವರು. ಕೂರಿಸಿ ಚಾ ತರಿಸಿದರು. ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಿಮೆಂಟು, ಕೆಂಪು ಬಣ್ಣ, ತಪ್ಪಿಸಿಕೊಂಡ ಕೋಳಿ, ದೇವಕ್ಕ ಒಂದನ್ನೂ ಬಿಡದೆ ಹೇಳಿದಳು. ಅವರೂ ಎಲ್ಲವನ್ನೂ ಬರೆದುಕೊಂಡರು. ಕೆಲಸ ಆಯಿತು ಅಂದುಕೊಂಡು ನಾನು ಕುರ್ಚಿ ಹಿಂದೆ ಸರಿಸಿದೆ.

ಅವರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು:

"ಸರಿ ಅಕ್ಕಾ, ಈ ಕೋಳಿ ನಿಮ್ದೇ ಅನ್ನೂಕೆ ಏನಾದ್ರೂ ದಾಖಲೆ ಅದೆಯಾ?"