ಮೇಷ್ಟ್ರು ಬಿಚ್ಚಿದ ಪೆಟ್ಟಿಗೆ

ನಮ್ಮ ವಿಜ್ಞಾನದ ಮೇಷ್ಟ್ರು ಆಕಾಶದ ವಿಷಯ ಬಂದರೆ ಮೋರೆ ಮೇಲೆತ್ತಿಯೇ ಪಾಠ ಮಾಡುತ್ತಿದ್ದರು. ಮುಂದಿನ ಬೆಂಚಿನ ಹುಡುಗಿಯರಿಗೆ ಅವರ ಗಂಟಲಿನ ಉಬ್ಬು ಏರಿ ಇಳಿಯುವುದಷ್ಟೇ ಕಾಣುತ್ತಿತ್ತು. "ಕಾಣ್ಲಿಲ್ಲ ಅಂತ ಇಲ್ಲ ಅನ್ಬೇಡ್ರಮ್ಮ, ಕಾಣೋ ಕಣ್ಣು ನಮಗಿಲ್ಲ ಅನ್ನಿ" ಎನ್ನುವುದು ಅವರ ವಾಡಿಕೆಯ ಮಾತು. ಕೆಲವು ನಕ್ಷತ್ರಗಳು ಎಕ್ಸ್-ರೇ ಬೀರುತ್ತವೆ, ಗಾಳಿ ಅದನ್ನು ನೆಲ ಮುಟ್ಟಲು ಬಿಡುವುದಿಲ್ಲ, ಅದಕ್ಕೇ ಬಲೂನಿಗೆ ಯಂತ್ರ ಕಟ್ಟಿ ಮೇಲೆ ಕಳಿಸುತ್ತಾರೆ ಎಂದು ನನಗೆ ಹೇಳಿಕೊಟ್ಟವರು ಅವರು. ಹೈಸ್ಕೂಲು ಮುಗಿದ ಮೇಲೆ ನನ್ನನ್ನು ಕಾಲೇಜಿಗೆ ಕಳಿಸಲು ಅಪ್ಪನನ್ನು ಒಪ್ಪಿಸಿದ್ದವರೂ ಅವರೇ. ಅಪ್ಪನಿಗೆ ಮೇಷ್ಟ್ರ ಮಾತೆಂದರೆ ವೇದವಾಕ್ಯ.

ಅರವತ್ತರ ದಶಕದ ಕೊನೆ. ಕೈವಾರದ ಹತ್ತಿರದ ನಮ್ಮ ಹಿಪ್ಪುನೇರಳೆ ತೋಟಕ್ಕೆ ಅಂಥದೇ ಬಲೂನಿನ ಪೆಟ್ಟಿಗೆಯೊಂದು ಬಂದು ಬಿತ್ತು. ಬಿಚ್ಚಬಾರದೆಂದು ಮೇಲೆ ಬರೆದಿತ್ತು. ನಾನೇ ಓದಿ ಹೇಳಿದೆ. ಅಪ್ಪ ಅದನ್ನು ಕೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿ, ಗಾಡಿಯಲ್ಲಿ ಚಿಂತಾಮಣಿಯ ಹೈಸ್ಕೂಲಿಗೆ ತಂದ. "ಕೈ ಹಾಕಿಲ್ಲ ಮೇಷ್ಟ್ರೇ, ಹೆಂಗಿತ್ತೋ ಹಂಗೇ ತಂದಿದೀನಿ" ಅಂದ.

ಅಪ್ಪ ಅತ್ತ ಹೋದ, ಇತ್ತ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಫಿಲ್ಮ್ ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡಮ್ಮ, ನಕ್ಷತ್ರದ ಎಕ್ಸ್-ರೇ ಎಲ್ಲಾ ಇದ್ರಲ್ಲಿ ಮೂಡಿರುತ್ತೆ" ಎಂದರು. ತೊಳೆಯದ ಫಿಲ್ಮು ಬೆಳಕು ಕಂಡರೆ ಕೆಟ್ಟಿತೆಂದು ಅವರಿಗೆ ಹೊಳೆದದ್ದು ಆಮೇಲೆ. ಗಡಬಡಿಸಿ ಸುರುಳಿಯನ್ನು ಪೆಟ್ಟಿಗೆಗೆ ತುರುಕಿದರು.

ಸುದ್ದಿ ತಿಳಿದು ಬೆಂಗಳೂರಿನಿಂದ ವಿಜ್ಞಾನಿಗಳು ಜೀಪಿನಲ್ಲಿ ಬಂದರು. ಪೆಟ್ಟಿಗೆ ಸಿಕ್ಕಿದವರನ್ನು ನೋಡಬೇಕೆಂದಿದ್ದರಿಂದ ಅಪ್ಪನೂ ಒಗೆದ ಪಂಚೆ ಉಟ್ಟು ಬಂದಿದ್ದ.

"ಯಾರ್ರೀ ಇದನ್ನ ಬಿಚ್ಚಿದ್ದು? ಪಟ್ಟ ಕಷ್ಟ ಎಲ್ಲಾ ಹಾಳಾಯ್ತಲ್ರೀ!" ಎಂದರು ಅವರಲ್ಲಿ ಹಿರಿಯರು.

ಮೇಷ್ಟ್ರು ನೆಲ ನೋಡುತ್ತಾ ಹೇಳಿದರು: "ಹಳ್ಳಿ ಜನ ಸಾರ್. ಅವ್ರಿಗೇನು ಗೊತ್ತಾಗುತ್ತೆ?"

ನಾನು ಬಾಯಿ ತೆರೆದೆ. ಅಪ್ಪ ನನ್ನ ಕೈ ಅದುಮಿದ. ಹೊರಗಿನವರ ಎದುರು ಮೇಷ್ಟ್ರ ಮಾನ ಹೋಗಬಾರದು ಅವನಿಗೆ. "ತಪ್ಪಾಯ್ತು ಸ್ವಾಮಿ" ಎಂದು ಕೈಮುಗಿದ. ನಮ್ಮ ಮನೆಯ ಅವರೆಕಾಳಿನ ಸಾರು ಎಷ್ಟು ಸಲ ಉಂಡಿದ್ದರೋ ಈ ಮೇಷ್ಟ್ರು! ಉಂಡ ಮನೆಗೇ ಎರಡು ಬಗೆದರು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮನೆಗೆ ಬಂದ ಅಪ್ಪ ಕೂಗಾಡಲಿಲ್ಲ. "ಓದಿದೋರು ಹಿಂಗಾಗೋದಾದ್ರೆ ನಿಂಗೆ ಓದು ಬೇಡ ಕಣಮ್ಮ" ಅಂದ. ಆ ಬೇಸಿಗೆಯಲ್ಲೇ ನನ್ನ ಮದುವೆಯಾಯಿತು. ಆಕಾಶದ ಆಸೆ ಹುಟ್ಟಿಸಿದ ಋಣ ಅವರದು, ಇಲ್ಲವೆನ್ನಲಾರೆ. ಆ ಆಸೆಯನ್ನು ಒಂದೇ ಮಾತಿನಲ್ಲಿ ಮಣ್ಣುಪಾಲು ಮಾಡಿದವರೂ ಅವರೇ.

ಮೇಷ್ಟ್ರು ತೀರಿಕೊಂಡಾಗ ಹೋಗಿದ್ದೆ. ಅವರ ಹೆಂಡತಿ ನನ್ನನ್ನು ತಬ್ಬಿಕೊಂಡು ಅತ್ತರು. "ನಿನ್ನ ಓದಿಸ್ಲಿಲ್ಲ ಅಂತ ಕೊನೇವರ್ಗೂ ನಿಮ್ಮಪ್ಪನ್ನ ಬೈತಿದ್ರಮ್ಮ" ಎಂದರು.

ತಂದಿದ್ದ ಹಾರ ಹಾಕಿದೆ. ಪಾದ ಮಾತ್ರ ಮುಟ್ಟಲಿಲ್ಲ.