ಕಾಕಾನ ಡಿಕ್ಕಿಯ ಬ್ಯಾಟರಿ

ಹೋದ ವಾರ ನನ್ನ ಕಾರು ಸ್ಟಾರ್ಟ್ ಆಗದೆ ಮನೆ ಮುಂದೆಯೇ ನಿಂತುಬಿಟ್ಟಿತು. ರಿಪೇರಿಗೆ ಬಂದವನು ಬಾನೆಟ್ ಮುಟ್ಟದೆ ಸೀದಾ ಹಿಂದೆ ಹೋಗಿ, ಡಿಕ್ಕಿ ತೆಗೆದು ಹಾಸು ಎತ್ತಿದ. ಈ ಮಾಡೆಲಿಗೆ ಬ್ಯಾಟರಿ ಇರುವುದೇ ಅಲ್ಲಂತೆ. ಆರು ವರ್ಷ ಓಡಿಸಿದ ನನಗೇ ಗೊತ್ತಿರಲಿಲ್ಲ. ಹಳೆಯ ಬ್ಯಾಟರಿ ಎತ್ತಿದಾಗ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲೇ ಒಂದು ಸಣ್ಣ ಕೊಳವೆ ತೂಗಾಡುತ್ತಿತ್ತು... ಉಳಿದದ್ದನ್ನು ನಾನು ನೋಡಲಿಲ್ಲ. ಒಳಗೆ ಬಂದು ಕೂತೆ.

ತೊಂಬತ್ತರ ದಶಕದಲ್ಲಿ ಲಂಡನ್ನಿನ ಈಸ್ಟ್ ಹ್ಯಾಮ್‌ನ ನಮ್ಮ ಪಕ್ಕದ ಮನೆಯಲ್ಲಿ ಬೆಳಗಾವಿ ಕಡೆಯ ಗಂಡ ಹೆಂಡತಿ ಇದ್ದರು. ನಾನು ಬಿಜಾಪುರದಿಂದ ಮದುವೆಯಾಗಿ ಬಂದವಳು. ಅವರನ್ನು ಕಾಕಾ, ಕಾಕು ಎಂದು ಕರೆಯಲು ಒಂದು ವಾರವೂ ಬೇಕಾಗಲಿಲ್ಲ. ಕಾಕಾ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಶನಿವಾರ ಬಂತೆಂದರೆ ದೈತ್ಯ ಎಂಜಿನ್ನಿನ ಹಳೆಯ ಅಮೆರಿಕನ್ ಮಸಲ್ ಕಾರುಗಳ ವೈದ್ಯ. ಎಲ್ಲೆಲ್ಲಿಂದಲೋ ಬಿಳಿಯರು ತಮ್ಮ ಕಾರು ತಂದು ಇವರ ಮನೆ ಮುಂದೆ ಸಾಲು ನಿಲ್ಲುತ್ತಿದ್ದರು. ಕಾಕಾನ ಬಳಿಯೂ ಅಂಥದ್ದೊಂದು ಇತ್ತು. ಉದ್ದ ಮೂತಿಯ ಹಸಿರು ಕಾರು, ಪೆಟ್ರೋಲ್ ಕುಡಿಯುವುದರಲ್ಲಿ ಬಕಾಸುರ.

ಮುಂದೆ ಎಂಜಿನ್ನಿನ ಭಾರ ವಿಪರೀತ ಎಂದು ಅದರ ಬ್ಯಾಟರಿಯನ್ನು ಅವರು ಹಿಂದೆ ಡಿಕ್ಕಿಗೆ ಸಾಗಿಸಿದ್ದರು. ಸುಮ್ಮನೆ ಇಟ್ಟಿರಲಿಲ್ಲ. ಗಟ್ಟಿ ಮುಚ್ಚಳದ ಪೆಟ್ಟಿಗೆ ಮಾಡಿ, ಅದರ ಹಿಂಬದಿಗೊಂದು ರಬ್ಬರ್ ನಳಿಗೆ ಜೋಡಿಸಿ, ಅದರ ತುದಿಯನ್ನು ಡಿಕ್ಕಿಯ ತಳದ ತೂತಿನಿಂದ ಹೊರಗೆ ಬಿಟ್ಟಿದ್ದರು. ನೋಡಿದವರಿಗೆಲ್ಲ ಒಂದೇ ಪಾಠ.

"ಬ್ಯಾಟರಿ ಚಾರ್ಜ್ ಆಗೋವಾಗ ಗ್ಯಾಸ್ ಬಿಡತೈತಿ, ತಂಗಿ. ಮುಂದಿದ್ರ ಗಾಳಿಗೆ ಹೋಗತೈತಿ. ಡಿಕ್ಕಿನ್ಯಾಗ ಎಲ್ಲಿ ಹೋಗಬೇಕು? ಒಂದು ಕಿಡಿ ಸಾಕು. ಅದಕ್ಕ ಈ ನಳಿಗಿ."

ನಾನು ಹೂಂ ಅನ್ನುತ್ತಿದ್ದೆ. ಕೇಳುತ್ತಿರಲಿಲ್ಲ.

ಒಂದು ವರ್ಷ ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಎರಡೂ ಮನೆಯ ಪೂಜೆ ಒಟ್ಟಿಗೇ ಎಂದು ಮಾತಾಗಿತ್ತು. ಕಾಕಾ ಬೆಳಿಗ್ಗೆ ಎಲ್ಲ ಜೋಡಿಸಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದರು. ಡಿಕ್ಕಿ ಒರೆಸುವ ಕೆಲಸ ನನ್ನದು. ಪೂಜೆಗೆ ಕೂರುವ ಸಾಮಾನಿನ ಮೇಲೆ ಕೊಳೆ ಇರಬಾರದೆಂಬ ನನ್ನ ಮಡಿ ಬೇರೆ! ನಳಿಗೆಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಕಿತ್ತು, ಹಿತ್ತಲಿನ ನಲ್ಲಿಯಲ್ಲಿ ಉಜ್ಜಿ ತೊಳೆದು, ಒಣಗಲಿ ಎಂದು ಬಟ್ಟೆ ತಂತಿಗೆ ಹಾಕಿದೆ. ಅಷ್ಟರಲ್ಲಿ ಜಿಟಿಜಿಟಿ ಮಳೆ. ಓಡಿ ಹೋಗಿ ಡಿಕ್ಕಿ ಮುಚ್ಚಿ, ಹೋಳಿಗೆ ಬೇಯಿಸಲು ಒಳಗೆ ಬಂದೆ. ನಳಿಗೆ ಮರೆತೇಹೋಯಿತು.

ಮಧ್ಯಾಹ್ನ ಮಳೆ ನಿಂತಿತು. ಕಾಕಾ ಚಾರ್ಜರ್ ಆರಿಸಿ, ಡಿಕ್ಕಿ ತೆಗೆದು, ಪಾನಾ ಸ್ಕ್ರೂಡ್ರೈವರ್‌ಗಳನ್ನು ಬ್ಯಾಟರಿ ಪೆಟ್ಟಿಗೆಯ ಮುಂದೆ ಲಗುಬಗೆಯಿಂದ ಜೋಡಿಸಿದರು. ನಾನು ಕರ್ಪೂರ ಹಚ್ಚಿದ ತಟ್ಟೆ ಹಿಡಿದು ನಿಂತಿದ್ದೆ. ಬೆಂಕಿ ಹತ್ತಿರ ತರಬಹುದೇ ಎಂದು ಕೇಳಿದೆ. ಅದೊಂದು ನೆನಪಾಗಿತ್ತು ನೋಡಿ.

"ನಳಿಗಿ ಹಚ್ಚೀನಿ, ಹೆದರಬ್ಯಾಡ. ಬೆಳಗು," ಎಂದು ಅವರು ಜಾರಿದ ಹೂವನ್ನು ಸರಿಪಡಿಸಲು ಬಗ್ಗಿದರು.

ನಾನು ತಟ್ಟೆಯನ್ನು ಪೆಟ್ಟಿಗೆಯ ಹತ್ತಿರ ತಂದೆ. ಬೀದಿಯವರೆಲ್ಲ ಹೊರಗೆ ಬರುವಷ್ಟು ಸದ್ದಾಯಿತು. ಪೆಟ್ಟಿಗೆ, ಬ್ಯಾಟರಿ ಎರಡೂ ಒಡೆದು ಆಸಿಡ್ ಅವರ ಮುಖಕ್ಕೆ ಎರಚಿತ್ತು. ಬದಿಯಲ್ಲಿದ್ದ ನನಗೆ ಸೆರಗಿನಲ್ಲಿ ನಾಲ್ಕು ತೂತು, ಅಷ್ಟೇ. ಕಾಕಾನ ಬಲಗಣ್ಣು ಹೋಯಿತು.

ಅವರನ್ನು ಆಂಬುಲೆನ್ಸಿಗೆ ಏರಿಸಿ ಹಿತ್ತಲಿಗೆ ಹೋದರೆ, ತಂತಿಯ ಮೇಲೆ ನಳಿಗೆ ಇನ್ನೂ ಒದ್ದೆಯಾಗಿ ನೇತಾಡುತ್ತಿತ್ತು. ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆ. ನನ್ನ ಗಂಡನಿಗೂ ಹೇಳಲಿಲ್ಲ. ಆಮೇಲೆ ಹುಡುಕಿದವರಿಗೆ ಡಿಕ್ಕಿಯಲ್ಲಿ ನಳಿಗೆಯ ಚೂರೂ ಸಿಗಲಿಲ್ಲ. ಹಾಗಾದರೆ ಹಚ್ಚಿಯೇ ಇರಲಿಲ್ಲ ಎಂದಾಯಿತು. ಕಾಕಾನೂ ಅದನ್ನೇ ನಂಬಿದರು.

ಕಣ್ಣು ಹೋದದ್ದಕ್ಕೆ ಅವರು ಅಷ್ಟು ಕೊರಗಲಿಲ್ಲ. ಕೈಯ ಮೇಲಿನ ನಂಬಿಕೆ ಹೋಯಿತು. ಡಿಪೋ ಬಿಟ್ಟರು, ಹಸಿರು ಕಾರು ಮಾರಿದರು. ಮನೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಜಗ್ಗಿ ನೋಡುವರು, ಮತ್ತೆ ಬರುವರು. ಯುಗಾದಿಯ ಕೂಟದಲ್ಲಿ ನಮ್ಮ ಜನ "ಕಾಕಾಗೆ ಬಲ್ಬ್ ಹಾಕೋಕೂ ಹೇಳ್ಬೇಡಿ ಮಾರಾಯ್ರೆ" ಎಂದು ನಗುತ್ತಿದ್ದರು. ಅವರೂ ನಗುತ್ತಿದ್ದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು. ನಾನು ಪಕ್ಕದಲ್ಲೇ ಕೂತು ಕೋಸಂಬರಿ ತಿನ್ನುತ್ತಿದ್ದೆ.

ಒಮ್ಮೆ ಮಾತ್ರ ಕೇಳಿದರು. ಎರಡು ಸಾವಿರದ ನಂತರ ಯಾವಾಗಲೋ... ಕಾಯಿಲೆ ಬಿದ್ದು ಮಲಗಿದ್ದರು. ಕಾಕು ಚಹಾ ಮಾಡಲು ಎದ್ದು ಹೋದಾಗ ನನ್ನ ಕಡೆ ತಿರುಗಿದರು.

"ತಂಗಿ, ಅವತ್ತ ಡಿಕ್ಕಿ ಒರಸಾಕ ಹೋಗಿದ್ದ್ಯಲ್ಲ ನೀ. ನಳಿಗಿ ಹಚ್ಚಿತ್ತೇನು? ನನಗ ಹಚ್ಚಿದಂಗ ನೆನಪೈತಿ. ಕೈಗೆ ನೆನಪೈತಿ."

ಹೂಂ ಎಂದಿದ್ದರೆ ಸಾಕಿತ್ತು. ಬೈಯುವ ಮನುಷ್ಯನಲ್ಲ. ಬೈದರೂ ಏನಾಗುತ್ತಿತ್ತು?

"ನೆನಪಿಲ್ಲ ಕಾಕಾ," ಎಂದೆ.

ಅವರು ತಮ್ಮ ಎರಡೂ ಕೈ ಎತ್ತಿ ಒಂದಷ್ಟು ಹೊತ್ತು ನೋಡಿಕೊಂಡು, ಹೊದಿಕೆಯೊಳಗೆ ಇಟ್ಟುಕೊಂಡರು. ಆ ತಿಂಗಳೇ ಹೋದರು. ನನ್ನ ಹೇಡಿತನದ ಮೇಲೆ ನನಗೇ ಹೇಸಿಗೆ. ಆದರೆ ಆ ಹೇಸಿಗೆಯಿಂದ ಯಾರಿಗೆ ಏನು ಉಪಯೋಗ?

ಕಾಕು ಈಗ ಲಂಡನ್ನಿನ ಇನ್ನೊಂದು ಮೂಲೆಯ ಪಿನ್ನರ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆ ಖಂಡೇನವಮಿ. ಪ್ರತಿ ವರ್ಷದಂತೆ ಫೋನು ಮಾಡಿದರು. ಪ್ರತಿ ವರ್ಷದ ಮಾತನ್ನೇ ಆಡಿದರು.

"ಅವರ ಮರವಿನಿಂದ ಅವತ್ತ ನಿನಗ ಏನರ ಆಗಿದ್ರ ನಾ ಹೆಂಗ ಮುಖ ತೋರಸಬೇಕಿತ್ತು, ತಂಗಿ? ಅವರನ್ನ ಕ್ಷಮಾ ಮಾಡಿಬಿಡು."

"ಇರ್ಲಿ ಬಿಡ್ರಿ ಕಾಕು," ಎಂದೆ. "ನಾ ಯಾವತ್ತೋ ಕ್ಷಮಾ ಮಾಡೀನಿ."