ನಾನು ಹೇಳಿ ಕೆಮ್ಮಿಸಿದ್ದು

ಕಚ್, ಕಚ್, ಕಚ್. ಬೆಳಿಗ್ಗೆ ಏಳೂವರೆಗೆ ನನ್ನ ಪಾಗಾರದ ಗೋಡೆಯ ಆಚೆಯಿಂದ ಈ ಸದ್ದು ಶುರುವಾಗುತ್ತಿತ್ತು. ನೆರೆಮನೆಯವಳು ನೆನೆಸಿಟ್ಟ ಬೀಡಿ ಎಲೆಗಳನ್ನು ಅಳತೆಗೆ ಕತ್ತರಿಸುವ ಸದ್ದು. ಜೊತೆಗೆ ಅವಳ ಮಾತು. ಎದುರು ಯಾರೂ ಇಲ್ಲದಿದ್ದರೆ ಬೆಕ್ಕಿನ ಹತ್ತಿರವಾದರೂ ಮಾತಾಡುತ್ತಿದ್ದಳು. ಪುತ್ತಿಗೆಗೆ ಬಂದು ನೆಲೆಸಿದ ಮೇಲೆ ನನಗೆ ಅಲಾರಂ ಬೇಕಾಗಲೇ ಇಲ್ಲ.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. ಗ್ರಾಮರ್ ತಪ್ಪಿದರೆ ಊಟದ ಬೆಲ್ ಆದರೂ ಬಿಡದ ಸಿಸ್ಟರ್‌ಗಳ ಕೈಯಲ್ಲಿ ಬೆಳೆದದ್ದು. ಆಮೇಲೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದೆ. ಹಾಗಾಗಿ ಊರಿಗೆ ಇಂಗ್ಲಿಷ್ ಮಾತಾಡುವವರು ಯಾರು ಬಂದರೂ ನನ್ನ ಮನೆಯನ್ನೇ ತೋರಿಸುತ್ತಾರೆ. ಡಾಕ್ಯುಮೆಂಟರಿ ಮಾಡುವ ಹುಡುಗಿ ಬಂದದ್ದೂ ಹಾಗೆಯೇ. ಬೆಂಗಳೂರಿನಿಂದ ಬಂದಿದ್ದಳು, ಒಳ್ಳೆಯ ಮ್ಯಾನರ್ಸ್ ಇತ್ತು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಬೀಡಿ ಕಟ್ಟುವ ಹೆಂಗಸರ ಮೇಲೆ ಒಂದು ಫಿಲ್ಮ್ ಮಾಡಬೇಕು, ತನಗೆ ತುಳು ಬರುವುದಿಲ್ಲ, ಮ್ಯಾಮ್ ಹೆಲ್ಪ್ ಮಾಡಬಹುದೇ ಎಂದಳು. ನನಗೆ ಒಳಗೊಳಗೇ ಖುಷಿಯಾಯಿತು. ವರ್ಷಗಳಾಗಿದ್ದವು ಯಾರಾದರೂ ನನ್ನ ಇಂಗ್ಲಿಷನ್ನು ಕೇಳಿ. ಪಾಗಾರದ ಆಚೆ ಕರೆದುಕೊಂಡು ಹೋದೆ.

ನನ್ನ ನೆರೆಯವಳು ಶೂಟಿಂಗಿನ ದಿನ ಮದುವೆಗೆ ಹೋಗುವ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮುಖಕ್ಕೆ ಪೌಡರ್ ಹಾಕಿ ಕೂತಿದ್ದಳು. ಹುಡುಗಿ ನನ್ನ ಕಿವಿಯಲ್ಲಿ, "ಮ್ಯಾಮ್, ಕೆನ್ ಶೀ ಬಿ ಮೋರ್ ನ್ಯಾಚುರಲ್?" ಎಂದಳು. ನಾನು ತುಳುವಿನಲ್ಲಿ ಹೇಳಿದೆ. ನಮ್ಮಿಬ್ಬರ ಮಾತೆಲ್ಲ ತುಳುವೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ದಿನಾ ಉಡುವ ಸೀರೆ ಸಾಕಂತೆ."

"ಫೋಟೋ ತೆಗೀಲಿಕ್ಕೆ ಬಂದವರ ಎದುರು ಹರಕು ಸೀರೆ ಉಟ್ಟು ಕೂತ್ರೆ ನನ್ನ ಮಗಳು ನನ್ನನ್ನು ಮನೆಯಿಂದ ಹೊರಗೆ ಹಾಕ್ತಾಳೆ ಟೀಚರೇ."

ಆದರೂ ಒಳಗೆ ಹೋಗಿ ಬದಲಿಸಿ ಬಂದಳು. ಮನೆಗೆ ಬಂದವರು ಕೇಳಿದ್ದನ್ನು ಇಲ್ಲ ಎನ್ನುವ ಅಭ್ಯಾಸ ಅವಳಿಗಿರಲಿಲ್ಲ. ಮೊರದಂಥ ತಡ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಲೆಗೆ ಹೊಗೆಸೊಪ್ಪಿನ ಹುಡಿ ಹಾಕಿ ಸುರುಳಿ ಸುತ್ತತೊಡಗಿದಳು. ಮಾತೂ ಶುರು. ಈಗ ಮಾತಾಡುವುದು ಬೇಡ ಎಂದು ಹುಡುಗಿ ಹೇಳಿಸಿದಳು. ನಾಲ್ಕೇ ಬೀಡಿ ಆಗುವಷ್ಟರಲ್ಲಿ ಕೈ ನಿಂತಿತು.

"ಬಾಯಿ ಮುಚ್ಚಿದ್ರೆ ನನ್ನ ಕೈ ಹೋಗೂದಿಲ್ಲ ಅಂತ ಹೇಳಿ ಅವರಿಗೆ. ಎರಡಕ್ಕೂ ಒಂದೇ ಸ್ವಿಚ್ಚು."

ನಾನು ಅದನ್ನು ಇಂಗ್ಲಿಷ್ ಮಾಡಿದೆ. ಕ್ಯಾಮರಾದವರೂ ಸೇರಿ ಎಲ್ಲರೂ ನಕ್ಕರು, ಅವಳೂ ನಕ್ಕಳು, ಬಾಯಲ್ಲಿದ್ದ ಅಡಿಕೆ ಚೂರು ಗಂಟಲಿಗೆ ಹೋಗಿ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹುಡುಗಿ ನನ್ನ ಹತ್ತಿರ ಬಂದು, ಆಗ ಕ್ಯಾಮರಾ ಆಫ್ ಇತ್ತು, ಇನ್ನೊಮ್ಮೆ ಕೆಮ್ಮಲಿಕ್ಕೆ ಆಗುತ್ತದೋ ಕೇಳಿ ಎಂದಳು.

ಅದು ಯಾಕೆ ಎಂದು ನಾನು ಕೇಳಲಿಲ್ಲ. ತಮಾಷೆಯಂತೆ ಕಂಡಿತು. "ಇನ್ನೊಮ್ಮೆ ಕೆಮ್ಮಬೇಕಂತೆ ಮಾರಾಯ್ತಿ" ಎಂದೆ.

"ಜೋರಾಗಿಯಾ, ಮೆಲ್ಲವಾ?"

ಹುಡುಗಿ ಮೀಡಿಯಂ ಎಂದಳು. ಅವಳು ಸೆರಗನ್ನು ಬಾಯಿಗೆ ಹಿಡಿದು, ಬೆನ್ನು ಬಗ್ಗಿಸಿ, ಎಷ್ಟು ಚಂದ ಕೆಮ್ಮಿದಳೆಂದರೆ ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

ಕೆಲವು ತಿಂಗಳ ಮೇಲೆ ಉಜಿರೆಯ ಒಂದು ಹಾಲ್‌ನಲ್ಲಿ ಫಿಲ್ಮ್ ತೋರಿಸಿದರು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ನಾವಿಬ್ಬರೂ ಹೋದೆವು. ಎಲ್ಲ ಕಾಲೇಜು ಮಕ್ಕಳು. ಫಿಲ್ಮಿನಲ್ಲಿ ಬಣ್ಣವನ್ನೆಲ್ಲ ತೆಗೆದು ಒಂದು ಥರ ಬೂದಿ ನೀಲಿ ಮಾಡಿದ್ದರು. ಅವಳ ಒಂದೇ ಒಂದು ಮಾತೂ ಇರಲಿಲ್ಲ. ಕೈ ಮಾತ್ರ, ಎಲೆ ಮಾತ್ರ, ಹಿಂದಿನಿಂದ ವಯಲಿನ್. ಕೊನೆಗೆ ಆ ಕೆಮ್ಮು. ಪರದೆ ಕತ್ತಲಾಗಿ ಇಂಗ್ಲಿಷಿನಲ್ಲಿ ಒಂದು ದನಿ: ಪ್ರತಿ ಬೀಡಿಯ ಜೊತೆ ಅವಳ ಎದೆಯ ಒಂದು ಚೂರು ಹೋಗುತ್ತದೆ, ಅವಳಿಗೆ ಅದು ಗೊತ್ತೇ ಇಲ್ಲ.

ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳಿಗೂ ಸಂತೋಷವಾಗಿತ್ತು. ನನ್ನ ಕೈ ಹಿಡಿದು, "ನಾನು ಅಷ್ಟು ಕಪ್ಪಾ ಟೀಚರೇ?" ಎಂದಳು. ಆಮೇಲೆ, "ಕೊನೆಗೆ ಇಂಗ್ಲಿಷಿನಲ್ಲಿ ಏನು ಹೇಳಿದ್ದು?"

"ನಿನ್ನ ಕೈಕೆಲಸ ಚಂದ ಅಂತ" ಎಂದೆ.

ಆ ಫಿಲ್ಮಿನ ವಿಷಯ ಸುಳ್ಳೆಂದು ನಾನು ಹೇಳುವುದಿಲ್ಲ. ಹುಡಿಯಿಂದ ಎದೆ ಕೆಟ್ಟವರನ್ನು ನಾನೇ ನೋಡಿದ್ದೇನೆ. ಆದರೆ ಈ ಕೆಮ್ಮು ಅಡಿಕೆ ಚೂರಿನದ್ದು, ಅದೂ ನಾನು ಹೇಳಿ ಎರಡನೇ ಸಲ ಮಾಡಿಸಿದ್ದು.

ಆ ಕೊನೆಯ ತುಂಡು ವಾಟ್ಸಾಪಿನಲ್ಲಿ ಊರೆಲ್ಲ ತಿರುಗಿತು. ಆಗ ಅವಳ ಮಗಳಿಗೆ ಕನ್ಯಾನದ ಒಂದು ಮನೆಯಿಂದ ಸಂಬಂಧ ಬಂದು, ಮಾತುಕತೆ ಹೆಚ್ಚುಕಡಿಮೆ ಮುಗಿದಿತ್ತು. ಒಂದು ದಿನ ಹುಡುಗನ ತಾಯಿಯ ಫೋನ್ ಬಂತು. ಹೆಣ್ಣಿನ ತಾಯಿಗೆ ಎದೆಯ ಕಾಯಿಲೆ ಉಂಟಂತೆ, ಮಗಳಿಗೂ ಇರಬಹುದಲ್ಲ, ಸ್ವಲ್ಪ ನಿಧಾನ ಮಾಡುವ ಎಂದರಂತೆ. ನೆರೆಯ ಇನ್ನೆರಡು ಮನೆಯವರೂ ಅವಳಲ್ಲಿ ಚಹಾ ಕುಡಿಯುವುದನ್ನು ಬಿಟ್ಟಿದ್ದರು. ನಾನು ಫಿಲ್ಮಿನ ಹುಡುಗಿಗೆ ಇಮೇಲ್ ಬರೆದೆ. ಎರಡು ವಾರ ಕಳೆದು ಉತ್ತರ ಬಂತು: ಕೆಮ್ಮು ರೆಪ್ರೆಸೆಂಟೇಟಿವ್, ಅದು ಅವರೊಬ್ಬರದಲ್ಲ, ಸಾವಿರಾರು ಹೆಂಗಸರದು. ಮ್ಯಾಮ್‌ಗೆ ತುಂಬ ಥ್ಯಾಂಕ್ಸ್.

ಅವಳು ಮೂಡಬಿದಿರೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದಳು. ಡಾಕ್ಟರು ಏನೂ ಇಲ್ಲ ಎಂದಿದ್ದರು. ದೊಡ್ಡ ಲಕೋಟೆ ಹಿಡಿದುಕೊಂಡು, "ಕನ್ಯಾನಕ್ಕೆ ಹೋಗುವ ಟೀಚರೇ. ನೀವು ಹೇಳಿದ್ರೆ ಅವರು ನಂಬ್ತಾರೆ" ಎಂದಳು.

ಮೂರು ಬಸ್ಸು. ಬಂಟ್ವಾಳ ದಾಟುವವರೆಗೆ ಅವಳೇ ಮಾತಾಡಿದಳು. ಆಮೇಲೆ ನಾನು ಕಿಟಕಿಯ ಕಡೆ ನೋಡುತ್ತ ಆ ಇಂಗ್ಲಿಷ್ ವಾಕ್ಯದ ನಿಜವಾದ ಅರ್ಥ ಹೇಳಿದೆ. ಅವರಲ್ಲಿ ಹೋಗಿ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಮೊದಲು ನಾನೇ ಹೇಳಬೇಕಿತ್ತು.

ಎದೆಯ ಚೂರಿನ ಮಾತು ಅವಳಿಗೆ ತಾಗಲಿಲ್ಲ. "ಅವಳಿಗೆ ಗೊತ್ತೇ ಇಲ್ಲ ಅಂತ ಹೇಳಿದ್ರಾ?" ಎಂದಳು.

"ಹೌದು."

"ನನ್ನ ಅಮ್ಮ ಕೆಮ್ಮಿ ಕೆಮ್ಮಿಯೇ ಹೋದದ್ದು. ಅದಕ್ಕೇ ನಾನು ಬಾಗಿಲ ಹತ್ತಿರ ಗಾಳಿ ಇರುವಲ್ಲಿ ಕೂತುಕೊಳ್ಳೂದು, ಮಗಳಿಗೆ ತಡ್ಪೆ ಮುಟ್ಲಿಕ್ಕೆ ಬಿಡದ್ದು. ನನ್ನತ್ರ ಕೇಳಿದ್ರೆ ನಾನೇ ಹೇಳ್ತಿದ್ದೆ. ಮಾತಾಡ್ಬೇಡ ಅಂದದ್ದು ಅವರು." ಲಕೋಟೆಯನ್ನು ಮಡಿಲಿಗೆ ಎಳೆದುಕೊಂಡು, "ಅವರು ಪರವೂರಿನವರು, ಬಿಡಿ. ನೀವು ನನ್ನ ಬದಿಯಲ್ಲೇ ಕೂತಿದ್ರಲ್ಲ ಟೀಚರೇ" ಎಂದಳು.

ವಿಟ್ಲದವರೆಗೆ ಅವಳು ಬಾಯಿ ಬಿಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹುಡುಗನ ತಾಯಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ತಲೆ ಯಾವ ಕಡೆ?" ಎಂದರು. "ನನಗೆ ಇದೆಲ್ಲ ಗೊತ್ತಾಗೂದಿಲ್ಲ. ಎಲ್ಲರದ್ದೂ ಹೀಗೇ ಇರ್ತದೆ."

ನಾನು ಹೇಳಿದೆ. ಕೆಮ್ಮಲು ಹೇಳಿದ್ದು ನಾನು, ಫಿಲ್ಮಿನ ಹುಡುಗಿ ಕೇಳಿದಳೆಂದು ನಾನೇ ಹೇಳಿ ಮಾಡಿಸಿದೆ ಎಂದು. ಇಂಗ್ಲಿಷ್ ಟೀಚರ್ ಎಂದು ನನಗೆ ಕುರ್ಚಿ ಕೊಟ್ಟು, ಫ್ಯಾನ್ ನನ್ನ ಕಡೆ ತಿರುಗಿಸಿದ್ದರು. ಆ ಕುರ್ಚಿಯಲ್ಲಿ ಕೂತು ಅದನ್ನು ಹೇಳುವುದು ಸುಲಭವಿರಲಿಲ್ಲ.

ಆ ಹೆಂಗಸು ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಹೌದಾದ್ರೆ ಈಗೊಮ್ಮೆ ಕೆಮ್ಮು ನೋಡುವ" ಎಂದರು.

"ಜೋರಾಗಿಯಾ, ಮೆಲ್ಲವಾ?"

ಅವಳು ಸೆರಗು ಹಿಡಿದು ಬೆನ್ನು ಬಗ್ಗಿಸಿದಳು. ವಾಟ್ಸಾಪಿನಲ್ಲಿದ್ದ ಅದೇ ಕೆಮ್ಮು, ಒಂದಿಷ್ಟೂ ವ್ಯತ್ಯಾಸವಿಲ್ಲ. ಹುಡುಗನ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರು ಮಾಡಿದರು. "ಇವಳು ನಾಟಕಕ್ಕೆ ಸೇರಬೇಕಿತ್ತು. ನನ್ನನ್ನು ಕೇಳಿದ್ರೆ ನಾನೂ ಕೆಮ್ಮುತ್ತಿದ್ದೆ. ನಾನೂ ಬೀಡಿಯವಳೇ" ಎಂದು ಒಳಗೆ ಹೋಗಿ ಶರಬತ್ತು ಮಾಡಿಕೊಂಡು ಬಂದರು.

ಮದುವೆ ಆಯಿತು. ನಾನೂ ಹೋಗಿ ಊಟ ಮಾಡಿ ಬಂದೆ. ಆದರೆ ಅವಳು ಪಾಗಾರದ ಹತ್ತಿರ ನಿಂತು ನನ್ನನ್ನು ಕರೆಯುವುದು ಕಡಿಮೆಯಾಯಿತು. ಜಗಳವೇನಿಲ್ಲ. ಬ್ಯಾಂಕಿನ ಪತ್ರವೋ ಆಸ್ಪತ್ರೆಯ ಚೀಟಿಯೋ ಬಂದರೆ ಮೊದಲು ನನ್ನ ಹತ್ತಿರ ತರುತ್ತಿದ್ದವಳು ಮಗಳು ಬಂದಾಗ ಓದಿಸುತ್ತಿದ್ದಳು. ನನಗೆ ಅರ್ಥವಾಗುತ್ತಿತ್ತು. ನಾನು ಅವಳಿಗಾಗಿ ಎಷ್ಟೋ ಕಾಗದ ಓದಿದ್ದೇನೆ, ಎಲ್ಲ ಸರಿಯಾಗಿಯೇ ಓದಿದ್ದೇನೆ. ಒಂದು ಬಿಟ್ಟು.

ಮಗಳಿಗೆ ಮಗುವಾದ ಮೇಲೆ ಅವಳು ಕನ್ಯಾನದಲ್ಲೇ ಉಳಿಯುವುದೆಂದಾಯಿತು. ಹೊರಟ ದಿನ ಮೂಡಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಎರಡು ಚೀಲ ಹಿಡಿದು ನಿಂತಿದ್ದಳು. ನಾನು ಮಂಡಿನೋವಿನ ಮಾತ್ರೆ ತರಲು ಹೋದವಳು ಕಂಡು ಹತ್ತಿರ ಹೋದೆ. ಮೊಬೈಲ್ ತೆಗೆದು ಮಗುವಿನ ವಿಡಿಯೋ ತೋರಿಸಿದಳು.

"ನಾನೇ ತೆಗೆದದ್ದು."

"ಚಂದ ಬಂದಿದೆ."

"ಅಳುವಾಗ ತೆಗೀಲಿಕ್ಕಿಲ್ಲ ಅಂತ ಮಗಳಿಗೆ ಹೇಳಿದ್ದೇನೆ. ದೊಡ್ಡವಳಾದ ಮೇಲೆ ನೋಡಿದ್ರೆ ಅದಕ್ಕೆ ಬೇಜಾರಾಗ್ತದೆ."

ನಾನು ಏನಾದರೂ ಹೇಳಬೇಕೆಂದುಕೊಂಡೆ. ಸಾರಿ ಎಂಬ ಶಬ್ದ ಇಂಗ್ಲಿಷಿನಲ್ಲಿ ತುಂಬ ಸಲೀಸು, ತುಳುವಿನಲ್ಲಿ ನನಗೆ ಅದು ಬಾಯಿಗೆ ಬರುವುದಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಒಂದು ಚೀಲವನ್ನು ನನ್ನ ಕೈಗೆ ಕೊಟ್ಟು ಅವಳು ಮೊದಲು ಹತ್ತಿದಳು. ನಾನು ಕೆಳಗಿನಿಂದ ಚೀಲ ಎತ್ತಿ ಕೊಟ್ಟೆ. "ಮಂಡಿನೋವು ಕಡಿಮೆಯಾದ ಮೇಲೆ ಆ ಕಡೆ ಒಮ್ಮೆ ಬನ್ನಿ ಟೀಚರೇ" ಎಂದು ಒಳಗೆ ಹೋಗಿ ಸೀಟು ಹಿಡಿದಳು.

ಮಂಡಿನೋವು ಕಡಿಮೆಯಾಗಿಲ್ಲ. ಅವಳನ್ನು ನಾನು ಮತ್ತೆ ನೋಡಿಲ್ಲ.